ಇನ್ನೂ ಹುಟ್ಟದ ಕ್ಲಾರಿನೆಟ್

"ಇದಾ?" ವಾದ್ಯ ರಿಪೇರಿ ಅಂಗಡಿಯ ಆಂಟಿ ಕ್ಲಾರಿನೆಟ್ಟನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದರು. "ಒಲೆಗೆ ಹಾಕಿದ್ರೆ ಚೆನ್ನಾಗಿ ಉರಿಯುತ್ತೆ."

ಮೂಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹಾಗಂತ ಅವಳೇನು ಪಾಪದ ಹುಡುಗಿಯಲ್ಲ. ಅಪ್ಪನ ಸ್ಕೂಟರ್, ಪಕ್ಕದ ಮನೆ ನಾಯಿ, ಟೀಚರ್ ಹೇಳುವ ಜೋಕು, ಯಾವುದನ್ನು ಕಂಡರೂ ಮೂಗು ಮುರಿಯುವವಳೇ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಬೇರೆಯವರು ಮೂಗು ಮುರಿದರೆ ಮಾತ್ರ ಅವಳಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

"ಇದು 1884ರದ್ದು ಆಂಟಿ. ಮೇಲೇ ಬರೆದಿದೆ. ಕನ್ನಡಕ ಹಾಕ್ಕೊಂಡು ನೋಡಿ."

"ಹಾಕ್ಕೊಂಡೇ ಇದೀನಿ ಮಹಾರಾಯ್ತಿ."

ತಾತ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅವರಪ್ಪ ಊದುತ್ತಿದ್ದ ಕ್ಲಾರಿನೆಟ್ ಅದು. ಅದರ ದನಿ ಇನ್ನೊಂದು ಸಲ ಕೇಳಬೇಕು ಅನ್ನುವುದೊಂದೇ ಅವರ ಆಸೆ. "ನಮ್ಮಪ್ಪ ಹೇಳ್ತಿದ್ದದ್ದೂ ಅದೇ ಇಸವಿ ಕಣಮ್ಮ," ಅಂದರು. ಈ ಮಾತು ಮನೆಗೆ ಬರುವ ನೆಂಟರಿಗೆಲ್ಲ ಬಾಯಿಪಾಠವಾಗಿತ್ತು.

"ಅಷ್ಟು ಹಳೇದಾದ್ರೆ ನಾನು ಕೈ ಹಚ್ಚಲ್ಲ," ಅಂದರು ಆಂಟಿ. "ಊದಿದ್ರೆ ಮರ ಸೀಳಿಹೋಗುತ್ತೆ. ಗಾಜಿನ ಪೆಟ್ಟಿಗೇಲಿಟ್ಟು ಧೂಳು ಒರೆಸ್ತಾ ಇರಿ. ಮೊದಲು ಇದರ ವಯಸ್ಸು ಗೊತ್ತಾಗಲಿ, ಆಮೇಲೆ ರಿಪೇರಿ ಮಾತು."

ಅವರು ಅದನ್ನು ತಿರುಚಿ ಎರಡು ತುಂಡಾಗಿ ಬಿಡಿಸಿದರು. ಕೆಳಗಿನ ತುಂಡಿಗೆ ಮೆತ್ತಿದ್ದ ಜಿಡ್ಡನ್ನು ಬಟ್ಟೆಯಿಂದ ಉಜ್ಜಿದರು. ಅಲ್ಲೂ ಒಂದು ನಂಬರ್ ಕಾಣಿಸಿತು. ಮೂಗಮ್ಮ ಕತ್ತು ಉದ್ದ ಮಾಡಿ ಓದಿದಳು: 2307.

ಬಾಯಿ ಸುಮ್ಮನಿರಬೇಕಲ್ಲ. "ಹಾಗಾದ್ರೆ ಕೆಳಗಿನ ಅರ್ಧ ಇನ್ನೂ ಹುಟ್ಟೇ ಇಲ್ಲ ಅನ್ನಿ."

ಆಂಟಿ ಬಿದ್ದು ಬಿದ್ದು ನಕ್ಕರು. ಕ್ಲಾಸಿನಲ್ಲೂ ಯಾರೂ ಅವಳ ಮಾತಿಗೆ ಹೀಗೆ ನಕ್ಕಿರಲಿಲ್ಲ. ಮೂಗಮ್ಮ ಉಬ್ಬಿಹೋದಳು.

"ಇಸವಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ," ಆಂಟಿ ಕಣ್ಣೊರೆಸಿಕೊಂಡರು. "ಫ್ಯಾಕ್ಟರಿಯವರು ಹೊಡೆಯೋ ನಂಬರ್ ಇದು. ಅದೂ ಎರಡು ಬೇರೆ ಬೇರೆ ಕ್ಲಾರಿನೆಟ್‌ನ ತುಂಡು, ಯಾರೋ ಜೋಡಿಸಿ ಮಾರಿದಾರೆ. ಬೆರಳಲ್ಲಿ ಒತ್ತೋ ಈ ಕೀಗಳನ್ನ ನೋಡಿದ್ರೆ ಹೆಚ್ಚೂ ಕಡಿಮೆ ನಿಮ್ಮ ವಯಸ್ಸಿನದು ಯಜಮಾನ್ರೇ. ಧೈರ್ಯವಾಗಿ ರಿಪೇರಿ ಮಾಡಬಹುದು."

ತಾತ ನಗಲಿಲ್ಲ. "ಅಪ್ಪನಿಗೆ ಯಾರೋ ಟೋಪಿ ಹಾಕಿದಾರೆ ಹಾಗಾದ್ರೆ," ಅಂದರು. "ಪಾಪ, ಕೊನೇವರೆಗೂ ಅವನಿಗೆ ಗೊತ್ತಾಗಲಿಲ್ಲ."

ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದರು. "ರಿಪೇರಿ ಬೇಡ ಬಿಡಮ್ಮ. ಎಲ್ಲರೂ ನಗೋ ವಸ್ತು ಊದಿ ಏನಾಗಬೇಕು?"

ಎಲ್ಲರೂ ಎಲ್ಲಿ ನಕ್ಕರು? ನಕ್ಕವರು ಆಂಟಿ ಒಬ್ಬರೇ. ನಗಿಸಿದವಳು ತಾನು. ಮೂಗಮ್ಮ ತಾತನ ಕುರ್ಚಿಯ ಹತ್ತಿರ ಹೋದಳು.

"ತಾತ, ನಿಮ್ಮಪ್ಪ ಊದುವಾಗ ನೀನು ಎಲ್ಲಿ ಕೂತಿರ್ತಿದ್ದೆ?"

"ಮೆಟ್ಟಿಲ ಮೇಲೆ. ಊಟಕ್ಕೆ ಕರೆದ್ರೂ ಏಳ್ತಿರಲಿಲ್ಲ."

"ಇಸವಿ ನೋಡ್ಕೊಂಡು ಕೂತಿರ್ತಿದ್ಯಾ?"

"ಇಸವಿ ಯಾರಿಗೆ ಬೇಕಿತ್ತೇ!" ತಾತ ರೇಗಿದರು. ಗಂಟು ಹಿಡಿದಿದ್ದ ಅವರ ಕೈ ಸಡಿಲವಾಯಿತು.

ಮೂಗಮ್ಮ ಅವರ ಕೈಯಿಂದ ಗಂಟನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟಳು. ತಾತ ತಡೆಯಲಿಲ್ಲ.

ಆಂಟಿ ಗಂಟಿಗೆ ಕಟ್ಟಲು ಒಂದು ರಿಪೇರಿ ಚೀಟಿ ಎತ್ತಿಕೊಂಡರು. ತುಟಿಯಂಚಿನಲ್ಲಿ ಇನ್ನೂ ನಗು ಇತ್ತು. "ಏನಂತ ಬರೀಲಿ? 1884 ಅಂತಲಾ, 2307 ಅಂತಲಾ?"

ಎಂಥಾ ಉತ್ತರ ನಾಲಿಗೆ ತುದಿಗೆ ಬಂದಿತ್ತು! ಹೇಳಿದ್ದರೆ ಆಂಟಿ ಮತ್ತೆ ನಗುತ್ತಿದ್ದರು. ಮೂಗಮ್ಮ ತಾತನ ಮುಖ ನೋಡಿ ಅದನ್ನು ನುಂಗಿಕೊಂಡಳು.

"ನಮ್ಮ ಮುತ್ತಾತಂದು ಅಂತ ಬರೀರಿ ಆಂಟಿ," ಅಂದಳು.