ಹೊಣೆಗೊಂದು ಹಿಡಿ ಮಣ್ಣು

ರಾಯಚೂರು ಸೀಮೆಯ ಒಂದು ತಾಲೂಕು ಆಸ್ಪತ್ರೆಯ ಶವಾಗಾರದಲ್ಲಿ, ಡೊಳ್ಳಿನ ಮುದ್ದಪ್ಪನ ದೇಹದ ಪಕ್ಕದಲ್ಲಿ, ಹೊಣೆಮಾಪಕ ಸದ್ದಿಲ್ಲದೆ ಲೆಕ್ಕ ಹಾಕುತ್ತಿತ್ತು. ನೋಡುವುದಕ್ಕೆ ಹೊಲಿಗೆ ಯಂತ್ರದಷ್ಟು ದೊಡ್ಡ ಒಂದು ಬೂದು ಪೆಟ್ಟಿಗೆ. ಅದರ ಮೇಲೊಂದು ಸಣ್ಣ ಪರದೆ. ಯಂತ್ರವನ್ನು ರೂಪಿಸಿದ ಡಾ. ಶಾಂಭವಿ ಹೆಬ್ಬಳ್ಳಿ ಅದರ ಎದುರು ಸ್ಟೂಲಿನ ಮೇಲೆ ಕುಳಿತಿದ್ದಳು. ಮುದ್ದಪ್ಪನ ಹೆಂಡತಿ ದ್ಯಾವಮ್ಮ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದಳು. ಒಳಗೆ ಬಂದು ಕೂಡುವಂತೆ ಎರಡು ಸಲ ಹೇಳಿದರೂ ಆಕೆ ಬಂದಿರಲಿಲ್ಲ.

ಬಿಸಿಲಿನ ಹೊಡೆತಕ್ಕೆ ಒಬ್ಬ ಮನುಷ್ಯ ಸತ್ತರೆ ಆ ಸಾವಿಗೆ ಯಾರು ಯಾರು ಎಷ್ಟೆಷ್ಟು ಹೊಣೆ ಎಂದು ಹೇಳುವುದು ಈ ಯಂತ್ರದ ಕೆಲಸ. ಅದರ ಒಳಗೆ ನಮ್ಮ ಲೋಕದ ನಕಲೊಂದು ಇತ್ತು. ಅದಕ್ಕೆ ಶಾಂಭವಿ ಪಡಿಲೋಕವೆಂದು ಹೆಸರಿಟ್ಟಿದ್ದಳು. ಆ ಪಡಿಲೋಕದಿಂದ ಯಂತ್ರ ಒಂದೊಂದೇ ಕಾರಣವನ್ನು ತೆಗೆದು ನೋಡುತ್ತಿತ್ತು. ಆ ಕಲ್ಲಿದ್ದಲು ಉರಿಯದೇ ಇದ್ದಿದ್ದರೆ? ಆ ಕಾಡು ಉಳಿದಿದ್ದಿದ್ದರೆ? ಆ ಮರ ಅಲ್ಲೇ ಇದ್ದಿದ್ದರೆ? ಯಾವುದನ್ನು ತೆಗೆದಾಗ ಸತ್ತವನು ಬದುಕಿ ಉಳಿಯುತ್ತಾನೋ ಅದಕ್ಕೆ ಹೊಣೆಯ ಪಾಲು ಹೆಚ್ಚು. ಖಂಡಾಂತರಗಳಲ್ಲಿ ದಶಕಗಳ ಹಿಂದೆ ನಡೆದದ್ದು ದೂರಕಾರಣ, ಕಣ್ಣೆದುರಿಗೆ ನಡೆದದ್ದು ಸಮೀಪಕಾರಣ. ಯಂತ್ರಕ್ಕೆ ಎರಡೂ ಒಂದೇ.

ದೆಹಲಿಗೆ ಮಾತ್ರ ಎರಡೂ ಒಂದೇ ಆಗಿರಲಿಲ್ಲ. ಸರ್ಕಾರ ಹವಾಮಾನ ಹೊಣೆಗಾರಿಕೆ ಕಾಯಿದೆಯನ್ನು ತಂದದ್ದು ಶ್ರೀಮಂತ ದೇಶಗಳ ಮುಖಕ್ಕೆ ಹಿಡಿಯಲೆಂದು. 'ಹೊಗೆ ಅವರದು, ಹೆಣ ನಮ್ಮದು' ಎಂಬ ಘೋಷಣೆಯ ಮೇಲೆ ಒಂದು ಚುನಾವಣೆಯನ್ನೇ ಗೆದ್ದಿತ್ತು. ಪ್ರತಿಪಕ್ಷ ಮೂಗು ಮುರಿಯಿತು, ಆದರೆ ಸತ್ತವರ ವಿರುದ್ಧ ಮತ ಹಾಕಿದಂತಾದೀತು ಎಂದು ಹೆದರಿ ಪರವಾಗಿಯೇ ಕೈ ಎತ್ತಿತು. ಮಸೂದೆ ಅಂತಿಮ ರೂಪ ಪಡೆಯುವ ಹೊತ್ತಿಗೆ ಸಂಸ್ಕೃತಿ ಇಲಾಖೆಯೂ ತನ್ನದೊಂದು ಸಾಲು ಇರಲಿ ಎಂದಿತು. 'ಹೊಣೆಗಾರರು ಮೃತರ ಸಮುದಾಯದ ಸಂಪ್ರದಾಯಕ್ಕೆ ಅನುಸಾರವಾಗಿ ತಮ್ಮ ಹೊಣೆಯನ್ನು ತೀರಿಸತಕ್ಕದ್ದು.' ಕೇಳುವುದಕ್ಕೆ ಚೆನ್ನಾಗಿತ್ತು. ಸದಸ್ಯರು ಮೇಜು ಕುಟ್ಟಿ ಒಪ್ಪಿದರು. ಅದರ ಅರ್ಥವೇನೆಂದು ಯಾರೂ ಕೇಳಲಿಲ್ಲ.

ಕಾಯಿದೆ ಜಾರಿಯಾದ ಖುಷಿಗೆ ಕೇಂದ್ರ ಹವಾಮಾನ ಸಚಿವ ವೀರನಗೌಡರು ತಮ್ಮ ಕ್ಷೇತ್ರದಲ್ಲಿ ವಿಜಯೋತ್ಸವ ಇಟ್ಟುಕೊಂಡರು. ಹೆಲಿಕಾಪ್ಟರ್ ಇಳಿಯುವುದಕ್ಕೆ ಊರ ಹೊರಗಿನ ಮೈದಾನದ ಬೇವಿನ ಸಾಲನ್ನು ಕಡಿಸಲಾಯಿತು. ಸ್ವಾಗತಕ್ಕೆ ಮುದ್ದಪ್ಪನ ಡೊಳ್ಳಿನ ಮೇಳವನ್ನು ಕರೆಸಿದ್ದರು. ಪೂಜೆ ಮಾಡಿ ಡೊಳ್ಳು ಕಟ್ಟಿದ ಮೇಲೆ, ಕರೆದ ಅತಿಥಿಯ ಎದುರು ಬಾರಿಸುವವರೆಗೆ ಬಿಚ್ಚಿ ನೆಲಕ್ಕಿಡಬಾರದು ಎಂಬುದು ಆ ಮೇಳದ ಕಟ್ಟುಪಾಡು. ಬೆಳಿಗ್ಗೆ ಬರಬೇಕಿದ್ದ ಸಚಿವರು ಮಧ್ಯಾಹ್ನ ಕಳೆದ ಮೇಲೆ ಬಂದರು. ಮುದ್ದಪ್ಪ ಅಷ್ಟು ಹೊತ್ತೂ ಡೊಳ್ಳು ಹೊತ್ತು, ಸೊಂಟಕ್ಕೆ ಕಂಬಳಿ ಕಟ್ಟಿಕೊಂಡು, ನೆರಳಿಲ್ಲದ ಮೈದಾನದಲ್ಲಿ ನಿಂತಿದ್ದ. ಹೆಲಿಕಾಪ್ಟರಿನ ಧೂಳು ಇಳಿಯುವ ಮುಂಚೆ ಬಿದ್ದ. ಡೊಳ್ಳು ಇನ್ನೂ ಕೊರಳಲ್ಲೇ ಇತ್ತು.

ಯಂತ್ರದ ಪರದೆಯ ಮೇಲೆ ಸಾಲುಗಳು ಮೂಡಿದವು. ಶಾಂಭವಿ ಅವನ್ನು ದ್ಯಾವಮ್ಮನಿಗೆ ಓದಿ ಹೇಳಿದಳು. ಮೊದಲಿಗೆ ಉತ್ತರದ ಶ್ರೀಮಂತ ದೇಶಗಳ ನೂರು ವರ್ಷದ ಹೊಗೆ. ಆಮೇಲೆ ನಮ್ಮದೇ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು. ಅವೆರಡಕ್ಕಿಂತ ತುಸು ಹೆಚ್ಚಾಗಿ ಬೇವಿನ ಮರ ಕಡಿಸಿದ್ದು ಮತ್ತು ಜನರನ್ನು ಬಿಸಿಲಿನಲ್ಲಿ ಕಾಯಿಸಿದ್ದು. ಆ ಸಾಲಿನ ಎದುರು ಸಚಿವರ ಹೆಸರಿತ್ತು. ಮೇಳದ ಕಟ್ಟುಪಾಡಿಗೂ ಯಂತ್ರ ಒಂದು ಚೂರು ಪಾಲು ಕೊಟ್ಟಿತ್ತು. ಪರಿಹಾರ ನೇರವಾಗಿ ಖಾತೆಗೆ ಬರುತ್ತದೆ, ಇನ್ನು ದೇಹವನ್ನು ಒಯ್ಯಬಹುದು ಎಂದು ಶಾಂಭವಿ ವಿವರಿಸಿದಳು.

ದ್ಯಾವಮ್ಮ ಎಲ್ಲವನ್ನೂ ಕೇಳಿ, "ಇವರೆಲ್ಲಾ ಮಣ್ಣಿಗೆ ಯಾವಾಗ ಬರ್ತಾರ್ರೀ?" ಎಂದಳು.

ಶಾಂಭವಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಧಾರವಾಡದ ಕಡೆಯವಳಾದರೂ ದೆಹಲಿಯ ಪ್ರಯೋಗಾಲಯದಲ್ಲಿ ಅವಳಿಗೆ ಬಹಳ ವರ್ಷಗಳಾಗಿದ್ದವು. ಇದು ಲೆಕ್ಕದ ಹೊಣೆ, ಅವರು ಯಾರೂ ಇಲ್ಲಿಗೆ ಬರಬೇಕಾಗಿಲ್ಲ ಎಂದು ತಿಳಿಸಿ ಹೇಳಲು ನೋಡಿದಳು.

"ಹೊಣಿ ಅವರದು ಅಂತ ನೀವೇ ಹೇಳಿದ್ರಿ. ಹೊಣಿ ಇದ್ದವರು ಬಂದು ಒಂದು ಹಿಡಿ ಮಣ್ಣು ಹಾಕಬೇಕಲ್ರೀ? ಬರಲಿಲ್ಲಾಂದ್ರ ಅವರ ಮ್ಯಾಲಿನ ಸಿಟ್ಟು ನಾ ಎಷ್ಟು ದಿನ ಹೊತಗೊಂಡು ತಿರುಗಲಿ?"

ಆ ಸೀಮೆಯಲ್ಲಿ ಹೂಳುವುದಕ್ಕೆ ಹೋಗುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತಾರೆ. ಹೋದವರೆಲ್ಲ ಕುಣಿಗೆ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಸತ್ತವನೊಂದಿಗೆ ಮಾತು ಬಿಟ್ಟಿದ್ದವರು, ಹೊಲದ ಬದುವಿಗೆ ಬಡಿದಾಡಿದವರು ಕೂಡ ಬಂದು, ಯಾರ ಮುಖವನ್ನೂ ನೋಡದೆ ಮಣ್ಣು ಹಾಕಿ ಹೋಗುತ್ತಾರೆ. ಅಲ್ಲಿಗೆ ಹಗೆ ಮುಗಿಯಿತು. ಆಮೇಲೆ ಮಣ್ಣು ಹಾಕಿದವನ ಮೇಲೆ ಮನೆಯವರು ಸಿಟ್ಟು ಇಟ್ಟುಕೊಳ್ಳುವಂತಿಲ್ಲ. ಬಾರದವನ ಮೇಲಿನ ಸಿಟ್ಟನ್ನು ಮಾತ್ರ ಮನೆಯವರು ಬದುಕಿರುವವರೆಗೂ ಹೊರಬೇಕು. ದ್ಯಾವಮ್ಮನಿಗೆ ಅದು ಬೇಡವಾಗಿತ್ತು. ಹೊಣೆಗಾರರು ಬರುವವರೆಗೆ ಮಣ್ಣು ಮಾಡುವುದಿಲ್ಲ ಎಂದು ಆಕೆ ಶವಾಗಾರದ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಊರಿನ ವಕೀಲರೊಬ್ಬರು ಕಾಯಿದೆಯನ್ನು ತೆರೆದು ಸಂಸ್ಕೃತಿ ಇಲಾಖೆಯ ಸಾಲನ್ನು ಹುಡುಕಿದಾಗ ದೆಹಲಿಯಲ್ಲಿ ಗಲಿಬಿಲಿಯಾಯಿತು. ಸಾಲು ಸ್ಪಷ್ಟವಾಗಿತ್ತು. ಸಚಿವರ ಆಪ್ತ ಕಾರ್ಯದರ್ಶಿ ಶಾಂಭವಿಗೆ ಫೋನ್ ಮಾಡಿ, ಯಂತ್ರಕ್ಕೆ ಒಂದು ದೂರಮಿತಿ ಹಾಕಬಹುದೇ ಎಂದು ಬಹಳ ನಯವಾಗಿ ಕೇಳಿದರು. ಸಮುದ್ರದ ಆಚೆಯದ್ದನ್ನು ಮಾತ್ರ ಎಣಿಸಿದರೆ ಎಲ್ಲರಿಗೂ ಅನುಕೂಲ. ಶಾಂಭವಿಗೆ ಸಿಟ್ಟು ಬಂತು. ಒಂದು ಸಾಲನ್ನು ಅಳಿಸಿದ ದಿನ ಈ ಯಂತ್ರ ಬರೀ ಪೆಟ್ಟಿಗೆಯಾಗುತ್ತದೆ, ಅದನ್ನು ತಾನು ಬದುಕಿರುವವರೆಗೆ ಮಾಡುವುದಿಲ್ಲ ಎಂದು ಹೇಳಿ ಫೋನ್ ಇಟ್ಟಳು. ಹಾಗೆ ಹೇಳಿದ್ದಕ್ಕೆ ಅವಳಿಗೆ ತನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು.

ವೀರನಗೌಡರು ದಡ್ಡರಲ್ಲ. ಮಣ್ಣಿಗೆ ಹೋದವನ ಮೇಲೆ ಹಗೆ ಉಳಿಯುವುದಿಲ್ಲ ಎಂಬುದು ಅದೇ ಸೀಮೆಯಲ್ಲಿ ಹುಟ್ಟಿದ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬರುತ್ತೇನೆಂದು ಹೇಳಿ ಕಳಿಸಿದರು, ಕ್ಯಾಮೆರಾದವರನ್ನೂ ಹೊರಡಿಸಿದರು. ಸಚಿವರೇ ಹೋಗುತ್ತಾರೆಂದ ಮೇಲೆ ಒಂದು ಶ್ರೀಮಂತ ದೇಶದ ದೂತಾವಾಸವೂ ಚೆನ್ನೈಯಿಂದ ಒಬ್ಬ ತರುಣ ಅಧಿಕಾರಿಯನ್ನು ಕಳಿಸಿಕೊಟ್ಟಿತು. ಅವನು ಮಂಜು ಬೀಳುವ ಊರಿನವನು. ರುದ್ರಭೂಮಿಗೆ ಬಂದು ಕಾಲು ಗಂಟೆಯಲ್ಲಿ ಅವನ ಮುಖ ಕೆಂಪು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. ತಮ್ಮ ದೇಶದ ಪಾಲಿಗೆ ಎಷ್ಟು ಮಣ್ಣು ಹಾಕಬೇಕೆಂದು ಅವನು ದುಭಾಷಿಯ ಮೂಲಕ ವಿಚಾರಿಸಿದ. ಒಂದು ಹಿಡಿ ಎಂದು ದ್ಯಾವಮ್ಮನ ಭಾವ ಹೇಳಿದ. ಎಲ್ಲರಿಗೂ ಅಷ್ಟೆಯೇ ಎಂದು ಅವನು ಮತ್ತೆ ಕೇಳಿದ. ಎಲ್ಲರಿಗೂ ಅಷ್ಟೇ ಎಂದರು.

ರುದ್ರಭೂಮಿ ಇದ್ದದ್ದು ಬೇವಿನ ಮರ ಕಡಿದ ಅದೇ ಮೈದಾನದ ಅಂಚಿನಲ್ಲಿ. ಬಂದೋಬಸ್ತಿನ ಪೊಲೀಸರನ್ನು ಬೆಳಿಗ್ಗೆಯೇ ತಂದು ನಿಲ್ಲಿಸಿದ್ದರು. ಸಚಿವರು ಈ ಸಲವೂ ಮಧ್ಯಾಹ್ನ ಕಳೆದ ಮೇಲೆ ಬಂದರು. ಅಲ್ಲಿಯವರೆಗೂ ದ್ಯಾವಮ್ಮ ಕುಣಿಯ ಪಕ್ಕದಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಅಲುಗಾಡದೆ ಕುಳಿತಿದ್ದಳು. ಇನ್ನು ಕಾಯುವುದು ಬೇಡ ಎಂದು ಹಿರಿಯರು ಹೇಳಿದಾಗ ಆಗದೆಂದು ತಲೆ ಅಲ್ಲಾಡಿಸಿದ್ದಳು.

ವೀರನಗೌಡರು ಚಪ್ಪಲಿ ಬಿಟ್ಟು ಬಂದರು, ಬಗ್ಗಿ ಮಣ್ಣು ತೆಗೆದುಕೊಂಡು ಕುಣಿಗೆ ಹಾಕಿದರು. ತರುಣ ಅಧಿಕಾರಿಯೂ ಹಾಕಿದ. ಸ್ಥಾವರಗಳ ಪರವಾಗಿ ಬಂದಿದ್ದ ಒಬ್ಬ ಎಂಜಿನಿಯರ್ ಕೂಡ ಹಾಕಿ ಕೈ ಒರೆಸಿಕೊಂಡ. ಮುದ್ದಪ್ಪನ ಮೇಳದವರು ಡೊಳ್ಳು ಕಟ್ಟದೆ, ಬರಿಗೈಯಲ್ಲಿ ಬಂದು ಮಣ್ಣು ಹಾಕಿದರು. ದ್ಯಾವಮ್ಮ ಕೊನೆಗೆ ತನ್ನ ಹಿಡಿ ಹಾಕಿ, ಆ ದಿನ ಮೊದಲ ಸಲ ಅತ್ತಳು. ಹೊತ್ತುಕೊಂಡು ತಿರುಗಬೇಕಾದ ಸಿಟ್ಟು ಈಗ ಅವಳ ಬಳಿ ಇರಲಿಲ್ಲ. ವರದಿಗಾರರು ಸಚಿವರ ಬಗ್ಗೆ ಏನಾದರೂ ಹೇಳಿ ಎಂದಾಗ, ಮಣ್ಣಿಗೆ ಬಂದವರ ಬಗ್ಗೆ ನಾವು ಮಾತಾಡುವುದಿಲ್ಲ ಎಂದಳು. ವೀರನಗೌಡರಿಗೆ ಬೇಕಾಗಿದ್ದದ್ದೂ ಇಷ್ಟೇ.

ಇದೆಲ್ಲ ನಡೆಯುತ್ತಿದ್ದಾಗ ಮೈದಾನದ ಆಚೆ ತುದಿಯಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಹುಸೇನಪ್ಪ ಕುಸಿದು ಬಿದ್ದದ್ದನ್ನು ಯಾರೂ ಗಮನಿಸಲಿಲ್ಲ. ಹೆಲಿಕಾಪ್ಟರ್ ಎದ್ದು ಹೋದ ಮೇಲೆ ಅವನ ಜೊತೆಯವರು ನೋಡಿದರು. ಆಸ್ಪತ್ರೆ ತಲುಪುವ ಹೊತ್ತಿಗೆ ಉಸಿರು ನಿಂತಿತ್ತು.

ಮರುದಿನ ಹೊಣೆಮಾಪಕ ಅದೇ ಶವಾಗಾರದಲ್ಲಿ, ಅದೇ ಸ್ಟೂಲಿನ ಎದುರು ಲೆಕ್ಕ ಹಾಕಿತು. ಪರದೆಯ ಮೇಲೆ ಶ್ರೀಮಂತ ದೇಶಗಳು ಬಂದವು, ಸ್ಥಾವರಗಳು ಬಂದವು, ಬೇವಿನ ಮರ ಮತ್ತು ಸಚಿವರು ಬಂದರು. ಆಮೇಲೆ ಇನ್ನೊಂದು ಸಾಲು ಮೂಡಿತು. ಹೂಳುವುದನ್ನು ತಡೆದು ಕಾಯಿಸಿದ್ದು: ದ್ಯಾವಮ್ಮ.

ಶಾಂಭವಿ ಆ ಸಾಲನ್ನು ಎರಡು ಸಲ ಓದಿದಳು. ಯಂತ್ರ ತಪ್ಪು ಹೇಳಿರಲಿಲ್ಲ. ಪಡಿಲೋಕದಲ್ಲಿ ದ್ಯಾವಮ್ಮ ಗಂಡನನ್ನು ಮೊದಲ ದಿನವೇ ಮಣ್ಣು ಮಾಡಿದ್ದರೆ ಹುಸೇನಪ್ಪ ಬದುಕಿ ಮನೆಗೆ ಹೋಗುತ್ತಿದ್ದ. ಆದರೆ ಗಂಡನನ್ನು ಕಳೆದುಕೊಂಡು ಇನ್ನೂ ಕಣ್ಣು ಒಣಗದ ಹೆಂಗಸಿಗೆ, ಇನ್ನೊಂದು ಸಾವಿನಲ್ಲಿ ನಿನ್ನದೂ ಪಾಲಿದೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಶಾಂಭವಿ ಕೋಣೆಯ ಬಾಗಿಲು ಹಾಕಿದಳು. ಸಚಿವರಿಗಾಗಿ ಮಾಡುವುದಿಲ್ಲವೆಂದಿದ್ದ ಕೆಲಸವನ್ನು ದ್ಯಾವಮ್ಮನಿಗಾಗಿ ಮಾಡಿದಳು. ಸಾಲು ಅಳಿಸಿಹೋಯಿತು. ಹೆಮ್ಮೆ ಪಡುವುದಕ್ಕೆ ಈಗ ಏನೂ ಇರಲಿಲ್ಲ, ಆದರೂ ಅವಳಿಗೆ ನೆಮ್ಮದಿಯಾಯಿತು.

ಹುಸೇನಪ್ಪನ ಮಣ್ಣಿಗೆ ಶಾಂಭವಿ ಯಂತ್ರದ ಜೊತೆಯಲ್ಲಿ ಹೋಗಲೇಬೇಕಿತ್ತು. ಯಾರು ಹೊಣೆ ತೀರಿಸಿದರೆಂದು ದಾಖಲಿಸುವುದು ಈಗ ಅದರ ಕೆಲಸಗಳಲ್ಲಿ ಒಂದಾಗಿತ್ತು. ಸಚಿವರ ಕಚೇರಿಯಿಂದ ಸಂದೇಶ ಬಂತು. ಸನ್ಮಾನ್ಯರು ಈಗಾಗಲೇ ಒಮ್ಮೆ ಬಂದು ಹೋಗಿರುವುದರಿಂದ ಅದೇ ಭೇಟಿಯನ್ನು ಇದಕ್ಕೂ ಅನ್ವಯಿಸಬೇಕೆಂದು ಕೋರಿದ್ದರು. ದೂತಾವಾಸದ ತರುಣ ಬಿಸಿಲು ತಗುಲಿ ಚೆನ್ನೈಯಲ್ಲಿ ಮಲಗಿದ್ದ. ಸ್ಥಾವರಗಳಿಂದ ಉತ್ತರವೇ ಬರಲಿಲ್ಲ. ಹುಸೇನಪ್ಪನ ಹೆಂಡತಿ ಹುಲಿಗೆಮ್ಮ ಯಾರನ್ನೂ ಕಾಯಲಿಲ್ಲ. ಅವಳಿಗೆ ಹೊಣೆಗಾರರ ಮಾತೇ ಬೇಡವಾಗಿತ್ತು.

ಕುಣಿಯ ಸುತ್ತ ನಿಂತವರು ಸರಿದು ದಾರಿ ಬಿಟ್ಟಾಗ ಶಾಂಭವಿ ತಿರುಗಿ ನೋಡಿದಳು. ದ್ಯಾವಮ್ಮ ಒಬ್ಬಳೇ ನಡೆದು ಬರುತ್ತಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಯಂತ್ರ ಹೇಳಿದ್ದನ್ನು ಬಲ್ಲವಳು ಶಾಂಭವಿ ಒಬ್ಬಳೇ.

ದ್ಯಾವಮ್ಮ ಹುಲಿಗೆಮ್ಮನ ಎದುರು ನಿಂತಳು.

"ತಂಗೀ, ನಿನ್ನ ಗಂಡ ಬಿಸಲಾಗ ನಿಂತಿದ್ದು ನನ್ನ ಹಠಕ್ಕ. ಅವರು ಬರೋತನಕ ಮಣ್ಣು ಮಾಡಂಗಿಲ್ಲ ಅಂತ ಕುಂತಾಕಿ ನಾನು. ಅದಕ್ಕ ಬಂದೀನಿ."

ಹುಲಿಗೆಮ್ಮ ಅವಳ ಮುಖವನ್ನು ನೋಡಲಿಲ್ಲ. ಕೊನೆಗೆ ಅವಳು ಬಗ್ಗಿ, ಕುಣಿಯ ಅಂಚಿನಿಂದ ಒಂದು ಹಿಡಿ ಮಣ್ಣು ತೆಗೆದು ದ್ಯಾವಮ್ಮನ ಅಂಗೈಯಲ್ಲಿಟ್ಟಳು.

"ಹಾಕು ಅಕ್ಕಾ," ಎಂದಳು.

ದ್ಯಾವಮ್ಮ ಹಾಕಿದಳು. ಆಮೇಲೆ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತರು.

ಶಾಂಭವಿ ಇದನ್ನು ದಾಖಲಿಸಲೆಂದು ಯಂತ್ರದ ಮುಂದೆ ಬಗ್ಗಿದಳು. ತೀರಿದ ಹೊಣೆಯನ್ನು ದಾಖಲಿಸಬೇಕೆಂದರೆ ಹೊಣೆಯ ಸಾಲು ಇರಬೇಕು. ಆ ಸಾಲನ್ನು ಅವಳೇ ಅಳಿಸಿದ್ದಳು. ದ್ಯಾವಮ್ಮನನ್ನು ಕಾಪಾಡುತ್ತೇನೆಂದು ಹೊರಟವಳು, ದ್ಯಾವಮ್ಮ ಈ ಬಿಸಿಲಿನಲ್ಲಿ ನಡೆದು ಬಂದು ಮಾಡಿದ್ದನ್ನೇ ಇಲ್ಲದಂತೆ ಮಾಡಿದ್ದಳು. ಅವಳಿಗೆ ನಾಚಿಕೆಯಾಯಿತು. ಆ ಸಾಲನ್ನು ಮತ್ತೆ ಮೂಡಿಸಿ, ಪಕ್ಕದಲ್ಲಿ 'ತೀರಿದೆ' ಎಂದು ಬರೆದಳು.

ಕಾಯಿದೆಗೆ ಆಮೇಲೆ ಹಲವು ತಿದ್ದುಪಡಿಗಳಾದವು. ಸಂಸ್ಕೃತಿ ಇಲಾಖೆಯ ಸಾಲನ್ನು ಸದ್ದಿಲ್ಲದೆ ಕೈಬಿಟ್ಟರು. ಹುಸೇನಪ್ಪನ ಸಾವಿಗೆ ಯಂತ್ರ ಹೆಸರಿಸಿದ ದೇಶಗಳು, ಸ್ಥಾವರಗಳು, ಸಚಿವರು ಎಲ್ಲರೂ ಇಂದಿಗೂ ಅದರ ದಾಖಲೆಯಲ್ಲಿ ಹೊಣೆ ತೀರದೆ ಹಾಗೆಯೇ ಇದ್ದಾರೆ. ತೀರಿದ್ದು ದ್ಯಾವಮ್ಮನ ಹೊಣೆಯೊಂದೇ.