ಜಕರಾಂಡ ಮರದಡಿಯ ರಟ್ಟು

ಗಂಡ ಗಿಚೂಹಿ ತೀರಿಕೊಂಡ ಮೇಲೆ ಅವನ ಹೈಬ್ರಿಡ್ ಟ್ಯಾಕ್ಸಿಯನ್ನು ನೈರೋಬಿಯಲ್ಲಿ ನಾನೇ ಓಡಿಸುತ್ತಿದ್ದೆ. ಅವನು ಅದನ್ನು ಅಂಗಳದ ಜಕರಾಂಡ ಮರದಡಿ ನಿಲ್ಲಿಸುತ್ತಿದ್ದ. ನನಗೆ ಆ ಜಾಗಕ್ಕೆ ಹೋಗಲು ಮನಸ್ಸಾಗದೆ ಗೇಟಿನ ಬಳಿಯೇ ನಿಲ್ಲಿಸುತ್ತಿದ್ದೆ.

ಒಮ್ಮೆ ಗೇರ್‌ಬಾಕ್ಸ್ ಆಯಿಲ್ ಸೋರತೊಡಗಿತು. ಮೆಕ್ಯಾನಿಕ್ ಒಡೆರಾ ಎಂಬತ್ತು ಸಾವಿರ ಶಿಲಿಂಗ್ ತೆಗೆದುಕೊಂಡು ಸರಿಮಾಡಿದ.

"ಅಕ್ಕಾ, ಒಂದು ವಾರ ಗಾಡಿ ಕೆಳಗೆ ರಟ್ಟು ಹಾಸಿ. ಒಂದೇ ಒಂದು ಹನಿ ಕಂಡ್ರೂ ಬಂದು ನನ್ನ ಕೊರಳಪಟ್ಟಿ ಹಿಡೀರಿ" ಅಂದ.

ಗಾಡಿಯ ಕೆಳಗಿನ ರಟ್ಟು ಒಣಗೇ ಇತ್ತು. ಆದರೆ ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ಮರದಡಿ ಉದುರಿದ ಹೂವಿನ ನಡುವೆ ಒಂದು ಗಾಡಿಯಷ್ಟು ನೆಲ ಮಾತ್ರ ಬರಿದಾಗಿತ್ತು. ಅದರಲ್ಲಿ ಅಂಗೈಯಗಲ ಆಯಿಲ್. ಮುಟ್ಟಿದರೆ ಬಿಸಿ.

ಒಡೆರಾನನ್ನು ಕರೆಸಿದೆ. ಅವನು ಬೆರಳಿಗೆ ಹಚ್ಚಿಕೊಂಡು ಮೂಸಿದ.

"ಇದು ನಿಮ್ಮ ಗಾಡೀದೇ ಅಕ್ಕಾ. ಆದ್ರೆ ನಾನು ಹಾಕಿದ ಹೊಸದಲ್ಲ, ಸುಟ್ಟುಹೋಗಿದ್ದ ಹಳೇದು. ಅದನ್ನ ನನ್ನ ಕೈಯಾರೆ ಚೆಲ್ಲಿದ್ದೆ."

ಕೊಟ್ಟ ಚಹಾ ಕುಡಿಯದೆ ಹೊರಟುಹೋದ.

ಆ ಗಾಡಿ ಮಾರಿ ಎರಡು ವರ್ಷವಾಯಿತು. ಮರದಡಿ ನಾನು ಹಾಸಿದ ರಟ್ಟು ಈಗಲೂ ಆಯಿಲ್‌ನಿಂದ ನೆನೆದಿರುತ್ತದೆ, ದಿನಾ ಬೆಳಿಗ್ಗೆ ಬದಲಿಸುತ್ತೇನೆ.