ಆರನೇ ಸ್ಥಳದ ಮುಸುಕು

ಬಾಳೇಶ ಮೊದಲ ಸಲ ನನ್ನ ಕಣ್ಣಿಗೆ ಬಿದ್ದಾಗ ನಮ್ಮ ಚರ್ಚಿನ ಗೋಡೆಯ ಮೇಲಿನ ಯೇಸುವಿಗೆ ಎಂಜಲು ಹಚ್ಚುತ್ತಿದ್ದ.

ಸುಳ್ಳಲ್ಲ. ತಲೆಗೆ ಟವೆಲ್ ಬಿಗಿದುಕೊಂಡು ಸ್ಟೂಲಿನ ಮೇಲೆ ನಿಂತಿದ್ದ. ಕಡ್ಡಿಗೆ ಸುತ್ತಿದ ಹತ್ತಿಯನ್ನು ನಾಲಿಗೆಗೆ ಮುಟ್ಟಿಸುವುದು, ಚಿತ್ರದ ಮೇಲೆ ಮೆಲ್ಲಗೆ ಉಜ್ಜುವುದು, ಮತ್ತೆ ಹೊಸ ಹತ್ತಿ, ಮತ್ತೆ ನಾಲಿಗೆ. ನಾನು ಆಫೀಸಿನಿಂದ ನೇರ ಬಂದಿದ್ದೆ. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು.

"ಏನ್ರೀ ಇದು? ದೇವರ ಮೇಲೆ ಉಗೀತಿದೀರಲ್ಲ, ನಾಚಿಕೆ ಆಗಲ್ವಾ?"

ಅವನು ಬಾಯಿಂದ ಕಡ್ಡಿ ತೆಗೆದ. "ಉಗುಳಾಕತ್ತಿಲ್ರಿ, ಒರಸಾಕತ್ತೇನ್ರಿ. ಹಳೇ ಬಣ್ಣದ ಮ್ಯಾಲಿನ ಕೊಳಿ ತಗ್ಯಾಕ ಉಗುಳಿನಷ್ಟು ಮೆತ್ತನ್ನ ನೀರು ಬ್ಯಾರೆ ಇಲ್ರಿ. ದೊಡ್ಡ ದೊಡ್ಡ ಮ್ಯೂಸಿಯಮ್ಮಿನಾಗೂ ಹಿಂಗ ಮಾಡ್ತಾರ. ಬೇಕಂದ್ರ ಫಾದರ್ನ ಕೇಳ್ರಿ."

ಕೇಳಿದೆ. ಫಾದರ್ ನಕ್ಕರು. ಹುಡುಗ ಬೆಳಗಾವಿ ಕಡೆಯವನು, ಧಾರವಾಡದಲ್ಲಿ ಪೇಂಟಿಂಗ್ ಕಲಿತು ಹಳೆಯ ಚಿತ್ರಗಳನ್ನು ಸರಿಪಡಿಸುವ ಕೆಲಸ ಮಾಡುತ್ತಾನೆ, ಗೋವಿಂದರಾಜನಗರದಲ್ಲಿ ರೂಮು ಮಾಡಿಕೊಂಡಿದ್ದಾನೆ, ಈಸ್ಟರಿನೊಳಗೆ ಎಲ್ಲ ಚಿತ್ರ ಕ್ಲೀನ್ ಮಾಡಿಕೊಡುತ್ತಾನೆ ಎಂದರು. ನಾನು ಒಪ್ಪಿದವಳ ಹಾಗೆ ತಲೆಯಾಡಿಸಿದೆ. ಒಳಗೆ ಒಪ್ಪಿರಲಿಲ್ಲ.

ಅನುಮಾನ ಪಡುವುದಕ್ಕೇ ನನಗೆ ಸಂಬಳ. ಇನ್ಶೂರೆನ್ಸ್ ಆಫೀಸಿನಲ್ಲಿ ಕಾರು ಕ್ಲೇಮ್ ನೋಡುತ್ತೇನೆ. ನಿಂತಿದ್ದ ಗಾಡಿಗೆ ಯಾರೋ ಗುದ್ದಿ ಹೋದರು ಮೇಡಂ ಎಂದು ಅಳುವವರ ಬಂಪರಿನಲ್ಲಿ ಹಳೇ ತುಕ್ಕು ತೋರಿಸುವವಳು ನಾನೇ. "ರೆಜಿನಾ, ನಿನ್ನ ಲವ್ ಮಾಡೋನು ಸಾಕ್ಷಿ ಕರ್ಕೊಂಡೇ ಬರ್ಬೇಕು ಕಣೇ," ಎಂದು ಪಕ್ಕದ ಸೀಟಿನ ಗಗನಾ ರೇಗಿಸುತ್ತಾಳೆ.

ಆದರೆ ಈ ಚಿತ್ರಗಳ ವಿಷಯವೇ ಬೇರೆ. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ಹದಿನಾಲ್ಕು ಚಿತ್ರಗಳಾಗಿ ಚರ್ಚಿನ ಗೋಡೆಯುದ್ದಕ್ಕೂ ಹಾಕಿರುತ್ತಾರೆ. ಅದು ಶಿಲುಬೆಯ ಹಾದಿ, ಒಂದೊಂದು ಚಿತ್ರ ಒಂದೊಂದು ಸ್ಥಳ. ರಾಜಾಜಿನಗರದ ನಮ್ಮ ಪುಟ್ಟ ಚರ್ಚಿಗೆ ಅವನ್ನು ಬರೆದವರು ನನ್ನ ತಾತ ಚೌರಪ್ಪ, ಇಂಡಸ್ಟ್ರಿಯಲ್ ಎಸ್ಟೇಟಿನ ಫ್ಯಾಕ್ಟರಿಯಲ್ಲಿ ಬೋರ್ಡು ಬರೆಯುತ್ತಿದ್ದವರು. ಆರನೇ ಸ್ಥಳದಲ್ಲಿ ವೆರೋನಿಕಾ ಎಂಬ ಹೆಂಗಸು ಸೈನಿಕರ ನಡುವೆ ನುಗ್ಗಿ ಯೇಸುವಿನ ಮುಖದ ಬೆವರು ಒರೆಸುತ್ತಾಳೆ. ಆ ವೆರೋನಿಕಾಳಿಗೆ ತಾತ ತಮ್ಮ ಹೆಂಡತಿ ಲೂರ್ದಮ್ಮನ ಮುಖ ಕೊಟ್ಟಿದ್ದರು.

ಅಜ್ಜಿ ನನ್ನ ಅಪ್ಪನನ್ನು ಹೆತ್ತು ಕಣ್ಣು ಮುಚ್ಚಿದಳು. ಒಂದು ಫೋಟೋ ಕೂಡ ಇಲ್ಲ. ತಾತನೂ ಅಪ್ಪ ಚಿಕ್ಕವರಿದ್ದಾಗಲೇ ಹೋದರು. ಹೋಗುವ ಮುಂಚೆ ಆ ಒಂದು ಚಿತ್ರಕ್ಕೆ ಮಾತ್ರ ಗಾಜು ಹಾಕಿಸಿ, ಇದಕ್ಕೆ ನೀರು ತಾಗಿಸಬೇಡಿ ಎಂದು ಹೇಳಿದ್ದರಂತೆ. ಅಪ್ಪನಿಗೆ ಅದು ಹತ್ತು ಆಜ್ಞೆಗಳ ಜೊತೆಗೆ ಹನ್ನೊಂದನೆಯದು. ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಎಲ್ಲರೂ ಪ್ರಾರ್ಥನೆ ಹೇಳುತ್ತಾ ಏಳನೇ ಸ್ಥಳಕ್ಕೆ ಹೋದರೂ ಅಪ್ಪ ಆರರ ಮುಂದೆಯೇ ನಿಂತಿರುತ್ತಾರೆ.

ಅದಕ್ಕೇ ಬಾಳೇಶನಿಗೆ ಅವತ್ತೇ ಹೇಳಿದೆ. "ಆರನೇದಕ್ಕೆ ನೀರೂ ಬೇಡ, ನಿಮ್ಮ ಎಂಜಲೂ ಬೇಡ."

"ಗಾಜು ತಗದು ಒಣಾ ಬ್ರಶ್ಶಿಲೆ ಧೂಳಾ ಹೊಡಿತೇನ್ರಿ. ಅಷ್ಟ."

"ಮಾತು ಕೊಡಿ."

"ಕೊಟ್ಟೇನ್ರಿ," ಎಂದವನು ಸ್ಟೂಲಿನ ಮೇಲಿಂದಲೇ ಕೈ ಚಾಚಿದ. ಆ ಕೈ ಎಲ್ಲಿಗೆ ಹೋಗಿ ಬಂದಿತ್ತೋ ಏನೋ. ನಾನು ಮುಟ್ಟಲಿಲ್ಲ.

*

ಅಂದಿನಿಂದ ದಿನಾ ಸಂಜೆ ಚರ್ಚಿಗೆ ಹೋಗುವುದು ಅಭ್ಯಾಸವಾಯಿತು. ಮೆಟ್ರೋ ಇಳಿದು ನೇರ ಅಲ್ಲಿಗೇ.

"ಕಾವಲು ಕಾಯೋಕೆ ಬರ್ತಿರೋದು. ಮಾತಾಡೋಕಲ್ಲ."

"ಕಾಯ್ರಿ. ಕಾವಲದವರು ಚಾ ಕುಡಿಬಾರದಂತ ಏನಿಲ್ಲಲ್ರಿ?"

ಚಹಾ ಚೆನ್ನಾಗಿರುತ್ತಿತ್ತು, ಅದೊಂದು ತೊಂದರೆ. ಅವನ ಮಾತು ಅದಕ್ಕಿಂತ ಚೆನ್ನಾಗಿತ್ತು. ಶುಭಸಂದೇಶ ಬರೆದ ಸಂತ ಲೂಕನೇ ಮರಿಯಮ್ಮನವರ ಚಿತ್ರವನ್ನು ಮೊಟ್ಟಮೊದಲು ಬರೆದದ್ದು ಎಂಬ ನಂಬಿಕೆಯಿದೆ, ಅದಕ್ಕೇ ಅವನು ಚಿತ್ರಕಾರರ ಪಾಲಕ ಸಂತ ಎಂದ.

"ಕೊರಳಲ್ಲಿ ಲಿಂಗ ಇದೆ, ನಮ್ಮ ಸಂತರ ಕಥೆ ನಮಗೇ ಹೇಳ್ತಿದೀರಲ್ಲ!"

"ಬಣ್ಣ ಹಿಡದವಗ ಎಲ್ಲಾ ದೇವರೂ ಬೇಕಾಗ್ತಾವ್ರಿ." ಹತ್ತಿ ಬದಲಿಸಿದ. "ಇಟಲಿಯೊಳಗ ಒಬ್ಬ ಪೇಂಟರ್ ತನ್ನ ಓಣಿಯ ಹೆಣ್ಮಗಳನ್ನ ಕೂಡ್ರಿಸಿ ಮರಿಯಮ್ಮನ್ನ ಬರದಿದ್ನಂತ. ಇದು ನಮ್ಮ ಓಣಿಯಾಕಿನ ಮುಖ ಅಂತ ಜನ ಗುರುತು ಹಿಡದ್ರು. ಚರ್ಚಿನವರು ಚಿತ್ರ ವಾಪಸ್ ಕಳಿಸಿದ್ರು."

"ಅಯ್ಯೋ ಪಾಪ. ಆ ಹುಡುಗಿ ಏನಂದ್ಲಂತೆ?"

"ಅದನ್ನ ಯಾರೂ ಹೇಳಿಲ್ರಿ." ಅವನು ನನ್ನ ಕಡೆ ತಿರುಗಿದ. "ನೀವ ಮೊದಲಿಗರು ಕೇಳಿದವ್ರು."

ಆ ನೋಟ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ನಿಂತಿತು. ನಾನು ಕಪ್ಪಿನಲ್ಲಿ ಇಲ್ಲದ ಚಹಾ ಕುಡಿದೆ. ಮುಜುಗರ ಮುಚ್ಚಿಕೊಳ್ಳಲು, "ಆ ಟವೆಲ್ ಕಟ್ಕೊಂಡ್ರೆ ಥೇಟ್ ಎಣ್ಣೆ ಸ್ನಾನಕ್ಕೆ ಕೂತೋರ ಥರ ಕಾಣ್ತೀರ," ಎಂದೆ. ಅವನು ನಕ್ಕ. ಆ ನಗು ಮನೆ ತಲುಪುವವರೆಗೂ ನನ್ನ ಜೊತೆಗೇ ಬಂತು.

ಕೆಲವು ದಿನಗಳ ನಂತರ ಏನೋ ಬದಲಾಯಿತು. ತಲೆಯಲ್ಲಿ ಟವೆಲ್ ಇಲ್ಲ, ಕ್ರಾಪು ನೀಟಾಗಿ ಬಾಚಿದೆ. ಚಹಾ ಇತ್ತು, ಮಾತಿಲ್ಲ. ನಾನು ಬೇರೆ ಕಡೆ ನೋಡುವಾಗಲೆಲ್ಲ ಅವನ ಕಣ್ಣು ನನ್ನ ಮೇಲೆ. ಹಣೆ, ಹುಬ್ಬು, ಗಲ್ಲ, ಒಂದೊಂದಾಗಿ ಅಳೆಯುತ್ತಿದ್ದ.

"ಏನು ನೋಡ್ತಿದೀರಾ?"

"ಬೆಳಕ್ರಿ. ಬೆಳಕು ನೋಡಾಕತ್ತಿದ್ದೆ."

ನನ್ನ ಹಿಂದಿದ್ದ ಟ್ಯೂಬ್‌ಲೈಟ್ ಕೆಟ್ಟು ವಾರವಾಗಿತ್ತು. ಸುಳ್ಳು ಹೇಳುವ ಗಂಡಸರನ್ನು ದಿನಾ ನೋಡುತ್ತೇನೆ, ಆದರೆ ಇವನ ಸುಳ್ಳಿಗೆ ನನ್ನ ಎದೆ ಯಾಕೆ ಹೊಡೆದುಕೊಳ್ಳಬೇಕು? ಛೇ, ನನಗೇನಾಗಿದೆ ಎನಿಸಿತು.

*

ಈಸ್ಟರಿಗೆ ಎರಡು ವಾರ ಇರುವಾಗ ಚರ್ಚಿನ ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆಯ ಮುಸುಕು ಹಾಕುತ್ತೇವೆ. ಆ ಭಾನುವಾರ ಪೂಜೆಗೆ ಹೋದಾಗ ಸಂತ ಜೋಸೆಫರು ಮುಸುಕಿನಲ್ಲಿದ್ದರು, ಮರಿಯಮ್ಮನವರು ಮುಸುಕಿನಲ್ಲಿದ್ದರು. ಆರನೇ ಸ್ಥಳಕ್ಕೂ ಮುಸುಕು ಬಿದ್ದಿತ್ತು.

ನನ್ನ ಮೈ ಬಿಸಿಯಾಯಿತು. ಶಿಲುಬೆಯ ಹಾದಿಯ ಚಿತ್ರಗಳಿಗೆ ಯಾರೂ ಮುಸುಕು ಹಾಕುವುದಿಲ್ಲ. ಈ ದಿನಗಳಲ್ಲಿ ಜನ ಪ್ರಾರ್ಥನೆ ಮಾಡುವುದೇ ಅವುಗಳ ಮುಂದೆ. ಇದು ನಮ್ಮವರು ಮಾಡಿದ ಕೆಲಸವಲ್ಲ. ಎಲ್ಲಕ್ಕೂ ಹಾಕಿದ್ದಾರೆ, ಇದಕ್ಕೂ ಹಾಕಿದರೆ ಗೊತ್ತಾಗಲ್ಲ ಎಂದುಕೊಂಡ ಹೊರಗಿನವನ ಕೆಲಸ. ಫಾದರ್ ಯಾರೋ ಹೆಂಗಸರು ಹಾಕಿರಬೇಕು ಎಂದರು. ಅಪ್ಪ ಮುಸುಕಿನ ಮುಂದೆ ದಿಕ್ಕು ತೋಚದೆ ನಿಂತಿದ್ದರು. "ಇದಕ್ಯಾಕೆ ರೆಜಿ ಬಟ್ಟೆ ಹಾಕಿದಾರೆ?" ಎಂದು ಕೇಳಿದರು.

ಅಪ್ಪನನ್ನು ಮನೆಗೆ ಕಳಿಸಿ ಬಾಳೇಶನ ಸಾಮಾನಿನ ಮೂಲೆಗೆ ಹೋದೆ. ಕಸದ ಮೊರದಲ್ಲಿ ಒದ್ದೆಯಾಗಿ ಒಣಗಿದ ಹತ್ತಿ ಸಿಕ್ಕಿತು. ಕೊಳೆಯಾಗಿದ್ದರೆ ಕಂದು ಇರಬೇಕು. ಇದು ಮೈಬಣ್ಣ.

ಮುಖ ಒರೆಸಿಬಿಟ್ಟಿದ್ದಾನೆ. ಅಪ್ಪನ ತಾಯಿಯನ್ನು ಒರೆಸಿ ಕಸಕ್ಕೆ ಹಾಕಿದ್ದಾನೆ. ಹಾಗಾದರೆ ನನ್ನನ್ನು ಅಳೆದದ್ದು ನನ್ನ ಮುಖ ನೋಡಿ ಅಲ್ಲಿ ಏನೋ ಗೀಚಿ ಮುಚ್ಚಿಹಾಕಲು. ಬೆಳಕಂತೆ ಬೆಳಕು! ನಾನು ಬೆಂಚಿನ ಮೇಲೆ ಕುಳಿತು ಅತ್ತೆ. ಚಿತ್ರಕ್ಕೆ ಅತ್ತದ್ದು ಅರ್ಧ. ಇನ್ನರ್ಧ, ಇಂಥವನನ್ನು ಇಷ್ಟಪಟ್ಟುಬಿಟ್ಟಿದ್ದೆನಲ್ಲ ಎಂದು.

ಸಂಜೆ ಅವನು ಬರುವುದಕ್ಕೆ ಕಾದೆ. ಬಂದವನು ನನ್ನ ಕೈಯಲ್ಲಿದ್ದ ಹತ್ತಿ ನೋಡಿ ಬಾಗಿಲಲ್ಲೇ ನಿಂತ.

"ಇದೇನು?"

"ಹೇಳ್ತೇನ್ರಿ. ಕುಂದರ್ರಿ ಮೊದಲ."

"ಕೂರಲ್ಲ! ಮಾತು ಕೊಟ್ಟಿದ್ರಿ ನೀವು!" ಎಂದು ಮುಸುಕಿಗೆ ಕೈ ಹಾಕಿ ಎಳೆದೆ.

ಗಾಜು ಇರಲಿಲ್ಲ. ವೆರೋನಿಕಾಳ ಬಲಗಡೆ ನಾನು ಹುಟ್ಟಿದಾಗಿನಿಂದ ನೋಡಿದ ಮುಖವೇ ಇತ್ತು, ಸೌಮ್ಯ, ಬಿಳಿ, ತುಟಿ ಬಿಗಿದದ್ದು. ಎಡಗಡೆ ಬೇರೆ ಮುಖವಿತ್ತು. ಎಣ್ಣೆಗಪ್ಪು ಕೆನ್ನೆ, ದಪ್ಪ ಹುಬ್ಬು, ಸೈನಿಕರಿಗೆ ಸೊಪ್ಪು ಹಾಕದ ಒಂದು ಕಣ್ಣು. ಆ ಕಣ್ಣನ್ನು ನಾನು ದಿನಾ ಬೆಳಗ್ಗೆ ಕನ್ನಡಿಯಲ್ಲಿ ನೋಡುತ್ತೇನೆ.

"ನೀವು ಬರೆದದ್ದಾ?" ನನ್ನ ದನಿ ನನಗೇ ಕೇಳಿಸಲಿಲ್ಲ.

"ನಾ ಅಲ್ರಿ. ನಿಮ್ಮ ತಾತಾರು." ಅವನು ಹತ್ತಿರ ಬಂದ. "ಗಾಜು ತಗದು ಧೂಳಾ ಹೊಡಿಯೂ ಮುಂದ ನನ್ನ ಬೆವರು ಒಂದು ಹನಿ ಬಿತ್ರಿ. ಬಿದ್ದಲ್ಲೆ ಬಣ್ಣ ಕರಗಿತು. ಎಣ್ಣಿ ಬಣ್ಣ ಬೆವರಿಗೆ ಕರಗಂಗಿಲ್ಲಲ್ರಿ. ಹತ್ತಿಲೆ ಒತ್ತಿದೆ. ಕೆಳಗ ವಾರ್ನಿಶ್, ಅದರ ಕೆಳಗ ಇನ್ನೊಂದು ಗಲ್ಲ. ಅಂದ್ರ ನಿಮ್ಮ ತಾತಾರು ಪೂರಾ ಚಿತ್ರ ಎಣ್ಣಿ ಬಣ್ಣದಾಗ ಮುಗಿಸಿ, ವಾರ್ನಿಶ್ ಹೊಡದು, ಅದರ ಮ್ಯಾಲ ಬರೇ ಮುಖ ಒಂದನ್ನ ನೀರಿನ ಬಣ್ಣದಾಗ ಮುಚ್ಯಾರ. ಬೇಕಾದಾಗ ಒರಸಿ ತಗಿಬೇಕಂತನ ಹಂಗ ಮುಚ್ಚೂದು."

"ನನಗ್ಯಾಕೆ ಹೇಳ್ಲಿಲ್ಲ?"

"ಹೆಂಗ ಹೇಳಲ್ರಿ? ಅರವತ್ತು ವರ್ಷ ಅವ್ವ ಅಂತ ನಿಮ್ಮ ಅಪ್ಪಾರು ನಿಂತ ಮುಖ ಇದು. ಇದಲ್ಲ ನಿಮ್ಮವ್ವ ಅಂತ ನಾ ಯಾವ ಬಾಯಿಲೆ ಹೇಳಲಿ? ಅಕಿ ನಿಮ್ಮಜ್ಜಿ ಹೌದೋ ಅಲ್ಲೋ ಖಾತ್ರಿ ಆಗಬೇಕಿತ್ತು. ಅದಕ್ಕ ನಿಮ್ಮನ್ನ ನೋಡಾಕತ್ತಿದ್ದೆ. ನಿನ್ನೆ ರಾತ್ರಿ ಅರ್ಧಾ ಮುಖ ಒರಸಿ ನೋಡಿ, ಮುಸುಕು ಹಾಕಿದೆ." ಅವನು ತಲೆ ತಗ್ಗಿಸಿದ. "ನೀವು ಹೂಂ ಅಂದ್ರ ಹಳೇ ಮುಖ ಇದ್ದಂಗ ತಿರುಗಿ ಬರೀತೇನ್ರಿ. ಯಾರಿಗೂ ಗೊತ್ತಾಗೂದಿಲ್ಲ."

ಹೂಂ ಎನ್ನಬಹುದಿತ್ತು. ಅಪ್ಪನಿಗೆ ನೋವಾಗುತ್ತಿರಲಿಲ್ಲ. ಆದರೆ ಆ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ನಾನು ಅಪ್ಪನಿಗೆ ಫೋನ್ ಮಾಡಿದೆ.

ಅಪ್ಪ ಬಂದರು. ನಾವು ಹೇಳಿದ್ದನ್ನೆಲ್ಲ ಕೇಳಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಚಿತ್ರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು.

"ನಮ್ಮ ಸೋದರತ್ತೆ ಹೇಳ್ತಿದ್ರು," ಎಂದರು ಕೊನೆಗೆ. "ನಲ್ಲಿ ಹತ್ರ ಬಿಂದಿಗೆ ಹಿಡ್ಕೊಂಡು ಜಗಳ ಆಡೋ ಲೂರ್ದಿ ಮುಂದೆ ನಾವು ಮೊಣಕಾಲೂರ್ಬೇಕಾ ಅಂತ ಚರ್ಚಿನ ಹೆಂಗಸರು ಗಲಾಟೆ ಮಾಡಿದ್ರಂತೆ. ಆಗಿನ ಫಾದರ್ ಅಳಿಸು ಅಂದ್ರಂತೆ. ಆಮೇಲೆ ಏನಾಯ್ತು ಅಂತ ಅತ್ತೆ ಹೇಳಲೇ ಇಲ್ಲ. ಅಳಿಸಿಲ್ಲ ಅಂತಲೇ ನಾನು ಅಂದ್ಕೊಂಡಿದ್ದೆ." ಚಿತ್ರದ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟರು. "ಫಾದರ್ ಮಾತು ಕೇಳಿದ ಹಾಗೂ ಆಗ್ಬೇಕು, ಅವಳು ಉಳಿಯಲೂಬೇಕು. ನಮ್ಮಪ್ಪ ಬಚ್ಚಿಟ್ಟಿದಾನೆ ಹೆಂಡ್ತೀನ."

ಆಮೇಲೆ ಬಾಳೇಶನ ಕಡೆ ಕೈ ಚಾಚಿದರು. "ಒದ್ದೆ ಹತ್ತಿ ಕೊಡಪ್ಪ ಇಲ್ಲಿ."

ನೀರು ತಾಗಿಸಬೇಡಿ ಎಂದು ಜೀವನವಿಡೀ ಕಾವಲಿದ್ದ ಮನುಷ್ಯ! ಬಾಳೇಶ ಅಪ್ಪನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ನಡೆಸಿದ. ಬಿಳಿ ಮುಖ ಸ್ವಲ್ಪ ಸ್ವಲ್ಪವಾಗಿ ಹತ್ತಿಗೆ ಬಂತು. ಇನ್ನೊಂದು ಕಣ್ಣು ತೆರೆಯಿತು. ಜಗಳಗಂಟಿ ತುಟಿಯಲ್ಲಿ ಸಣ್ಣ ನಗು ಕಾಣಿಸಿತು. ಅಪ್ಪ ಅಮ್ಮಾ ಎಂದರು. ಅಷ್ಟು ಹತ್ತಿರದಿಂದ ಅವರು ಆ ಮಾತು ಯಾರಿಗೂ ಹೇಳಿರಲಿಲ್ಲ.

*

ಶುಭ ಶುಕ್ರವಾರದ ಶಿಲುಬೆಯ ಹಾದಿಯಲ್ಲಿ ಆರನೇ ಸ್ಥಳಕ್ಕೆ ಬಂದಾಗ ಜನ ಚಿತ್ರ ನೋಡಿ ನನ್ನನ್ನು ನೋಡಿದರು. ಪ್ರಾರ್ಥನೆ ಮುಗಿಯಿತು. ಅಪ್ಪ ತಾಯಿಯ ಪಾದದ ಹತ್ತಿರ ಚೌಕಟ್ಟು ಮುಟ್ಟಿ, ಎಲ್ಲರ ಜೊತೆ ಏಳನೇ ಸ್ಥಳಕ್ಕೆ ನಡೆದರು. ಹಾಗೆ ನಡೆದದ್ದನ್ನು ನಾನು ಮೊದಲ ಸಲ ನೋಡಿದ್ದು.

ಮಧ್ಯಾಹ್ನ ಅಂಗಳದಲ್ಲಿ ಎಲ್ಲರಿಗೂ ಗಂಜಿ ಕೊಟ್ಟರು. ಬಾಳೇಶ ಗೋಡೆಗೊರಗಿ ಕುಳಿತಿದ್ದ. ನನ್ನ ಬಟ್ಟಲು ಹಿಡಿದು ಪಕ್ಕದಲ್ಲಿ ಕುಳಿತೆ.

"ಒಂದು ಪ್ರಶ್ನೆ ಬಾಕಿ ಇದೆ."

"ಇನ್ನೂ ಅನುಮಾನ ಹೋಗಿಲ್ಲೇನ್ರಿ?"

"ಬೇರೆ ಯಾವ ಚಿತ್ರಕ್ಕೂ ಬೀಳದ ಬೆವರು ಇದಕ್ಕೇ ಯಾಕೆ ಬಿತ್ತು? ತಲೆಗೆ ಟವೆಲ್ ಇರ್ತಿತ್ತಲ್ಲ?"

ಅವನು ಗಂಜಿಯಲ್ಲಿ ಚಮಚ ಆಡಿಸಿದ. ಕಿವಿ ಕೆಂಪಾದವು. "ಬಿಚ್ಚಿಟ್ಟಿದ್ದೆ ರೀ."

"ಯಾಕೆ?"

"ನೀವು ಬರೂ ಹೊತ್ತಾಗಿತ್ತು. ಎಣ್ಣಿ ಸ್ನಾನಕ್ಕ ಕುಂತವರಂಗ ಕಾಣಸ್ತೀನಿ ಅಂದಿದ್ರಲ್ಲ. ತಲಿ ಬಾಚಿಕೊಂಡು ಬಾಗಿಲಾ ನೋಡಾಕತ್ತಿದ್ದೆ. ಚಿತ್ರ ನೋಡಲಿಲ್ಲ." ಚಮಚ ಕೆಳಗಿಟ್ಟ. "ಅಜ್ಜಿ ಮುಖ ಸಿಗೂಕಿಂತ ಮೊದಲಿನಿಂದ ನಿಮ್ಮನ್ನ ನೋಡಾಕತ್ತೇನ್ರಿ. ನನಗ ನೀವಂದ್ರ ಭಾಳ ಇಷ್ಟ."

ನನ್ನ ಕಸುಬಿನಲ್ಲಿ ಎದುರಿನವರ ಕಣ್ಣು ನೋಡಿದರೆ ಗೊತ್ತಾಗುತ್ತದೆ. ಆ ಕಣ್ಣಿನಲ್ಲಿ ಒಂದಿಷ್ಟೂ ಹಳೇ ತುಕ್ಕು ಇರಲಿಲ್ಲ.

"ನನಗೂ," ಎಂದೆ. "ನಿಮ್ಮ ಮೇಲೆ ಅಷ್ಟು ಅನುಮಾನ ಪಟ್ಟಿದ್ದೇ ಅದಕ್ಕೆ."

ಅವನು ಮುಖವೆತ್ತಿದ. ಮೊದಲ ದಿನ ನಾನು ಮುಟ್ಟದ ಆ ಕೈಯನ್ನು ಇವತ್ತು ನಾನೇ ಹಿಡಿದೆ. ಅಂಗಳದಾಚೆಯಿಂದ ಅಪ್ಪ ನೋಡಿದರು, ನೋಡದವರ ಹಾಗೆ ಉಪ್ಪಿನಕಾಯಿ ಕೇಳಲು ಹೊರಟರು.

"ಅಜ್ಜಿಯ ಗದ್ದದ ಹತ್ರ ಒಂದೀಟು ಬಣ್ಣ ಉದುರೇತ್ರಿ," ಎಂದ ಬಾಳೇಶ. "ಅದನ್ನ ತುಂಬಬೇಕು. ನೋಡಿ ಬರ್ಯಾಕ ಯಾರರ ಕೂಡ್ರಬೇಕು."

"ಕೂರ್ತೀನಿ. ಒಂದು ಷರತ್ತು."

"ಏನ್ರಿ?"

"ತಲೆಗೆ ಟವೆಲ್ ಕಟ್ಕೊಂಡೇ ಬರೀಬೇಕು."